ನೀರಿನಿಂದ ತಣಿಯುವ ಕಂಪ್ಯೂಟರ್

ನವಿ ಮುಂಬೈನ ಮಹಾಪೆ. ಇಲ್ಲಿನ ಡೇಟಾ ಸೆಂಟರ್‌ಗಳಲ್ಲಿ ಸರ್ವರ್‌ಗಳನ್ನು ತಂಪಾಗಿಡುವುದೇ ದೊಡ್ಡ ಕೆಲಸ. ಅದಕ್ಕೊಂದು ದಾರಿ ದ್ರವ: ಬೆಂಗಳೂರಿನ ಐಐಎಸ್‌ಸಿಯಲ್ಲಿ 2022ರಲ್ಲಿ ಶುರುವಾದ ಸೂಪರ್‌ಕಂಪ್ಯೂಟರ್ ‘ಪರಮ್ ಪ್ರವೇಗ’ ತಣಿಯುವುದು ಹೀಗೆಯೇ. ದ್ರವದಿಂದ ತಣಿಸುವ ಪಾಠವನ್ನು ವಿದ್ಯಾರ್ಥಿಗಳು ತರಗತಿಯ ಮೇಜಿನ ಮೇಲೇ ಕಲಿಯಬಹುದು!

ಪ್ರೊಸೆಸರ್ ಮೇಲೆ ತಾಮ್ರದ ಬ್ಲಾಕ್. ಅದರೊಳಗೆ ಪಂಪ್ ಹರಿಸುವ ನೀರು ಬಿಸಿಯನ್ನು ಹೀರಿ ರೇಡಿಯೇಟರ್‌ಗೆ ಒಯ್ಯುತ್ತದೆ, ಫ್ಯಾನ್ ಹೊರಹಾಕುತ್ತದೆ. ಅಷ್ಟೇ ಗಾತ್ರದ ಗಾಳಿಗಿಂತ ನೀರು ಸುಮಾರು 3,500 ಪಟ್ಟು ಹೆಚ್ಚು ಶಾಖ ಹೊರಬಲ್ಲದು. ಆದರೆ ಕೋಣೆಯ ಗಾಳಿಗಿಂತ ತಣ್ಣಗಾಗಲು ಅದಕ್ಕಾಗದು. ಮೇ ತಿಂಗಳ ಮಹಾಪೆಯಲ್ಲಿ ಇದು ನೆನಪಿರಲಿ.

ಇದನ್ನು ಜೋಡಿಸುವಾಗ ತಾಮ್ರದ ಜೊತೆ ಅಲ್ಯೂಮಿನಿಯಂ ರೇಡಿಯೇಟರ್ ಬೇಡವೇ ಬೇಡ, ಲೋಹ ಸವೆಯುತ್ತದೆ. ನಲ್ಲಿ ನೀರೂ ಬೇಡ. ಮೊದಲು ಪಂಪ್‌ಗೆ ಮಾತ್ರ ಕರೆಂಟ್ ಕೊಟ್ಟು, ಸೋರಿಕೆ ತಿಳಿಯಲು ಜೋಡಣೆಗಳಿಗೆಲ್ಲ ಟಿಶ್ಯೂ ಸುತ್ತಿ, ಇಡೀ ದಿನ ಓಡಿಸಿ. ಟಿಶ್ಯೂ ಒಣಗಿಯೇ ಇದ್ದರೆ ಮದರ್‌ಬೋರ್ಡ್‌ಗೆ ಕರೆಂಟ್ ಕೊಡಿ.