ಮಂಚಿಗೆ ಮೇಲಿನ ಆಕಾಶನೌಕೆ

ಎಳ್ಳ ಅಮವಾಸ್ಯೆಯ ರಾತ್ರಿ. ಹೊಲದಲ್ಲಿ ಚರಗ ಚೆಲ್ಲಿ, ಭಜ್ಜಿ ಅಂಬಲಿ ಉಂಡು ಲೋಹಾರಾ ಊರಿನ ಮನೆಗೆ ಮರಳಿದ್ದೆವು. ಕರೆಂಟ್ ಹೋಯಿತು. ಹೋದದ್ದೇ ಒಳ್ಳೆಯದಾಯಿತು! ಇಲ್ಲದಿದ್ದರೆ ಆ ಕಪ್ಪು ನನ್ನ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ಹಬ್ಬಕ್ಕೆಂದು ಪುಣೆಯಿಂದ ಬಂದಿದ್ದ ತಂಗಿಯ ಮಗ ಪಡಸಾಲೆಯ ಮೂಲೆಯಲ್ಲಿ ಕೂತಿದ್ದ. ಅವನ ಎರಡು ಅಂಗೈಗಳ ನಡುವೆ ಒಂದು ಗ್ರಹ ತೇಲುತ್ತಿತ್ತು! ಗ್ರಹದ ಸುತ್ತ ಕಿಡಿಗಳು, ಉರಿಯುವ ಬಂಡೆಗಳು, ಅವುಗಳ ನಡುವೆ ಅಕ್ಕಿಕಾಳಿನಷ್ಟು ಪುಟ್ಟ ನೌಕೆ. ಇವೆಲ್ಲದರ ಹಿಂದಿನ ಕಪ್ಪಿಗೂ ಪಡಸಾಲೆಯ ಕತ್ತಲೆಗೂ ನಡುವೆ ಗೆರೆಯೇ ಕಾಣಲಿಲ್ಲ. ಅದೊಂದು ಹಳೆಯ ಪ್ಲೇಸ್ಟೇಷನ್ ವೀಟಾ, ಯಾರೋ ಆಡಿ ಮಾರಿದ್ದು, ಮೊದಲ ಮಾದರಿ. ಅದರ ಐದು ಇಂಚಿನ ಓಎಲ್‌ಇಡಿ ಪರದೆಯಲ್ಲಿ ಅಡ್ಡಕ್ಕೆ 960, ಉದ್ದಕ್ಕೆ 544 ಚುಕ್ಕಿಗಳು. ಪ್ರತಿ ಚುಕ್ಕಿಯೂ ತನ್ನ ದೀಪವನ್ನು ತಾನೇ ಹಚ್ಚಿಕೊಳ್ಳುತ್ತದೆ, ಕಪ್ಪು ಬೇಕಾದಲ್ಲಿ ತಾನೇ ಆರಿಸಿಕೊಳ್ಳುತ್ತದೆ. ನಾನು ನೋಡುತ್ತಿದ್ದ ಬಾಹ್ಯಾಕಾಶ ಕಪ್ಪು ಬಣ್ಣದ್ದಲ್ಲ, ಬೆಳಕೇ ಇಲ್ಲದ ಜಾಗ!

ಆಟದ ಹೆಸರು ಸೂಪರ್ ಸ್ಟಾರ್‌ಡಸ್ಟ್ ಡೆಲ್ಟಾ. ಫಿನ್ಲೆಂಡಿನ ಹೆಲ್ಸಿಂಕಿಯ ಹೌಸ್‌ಮಾರ್ಕ್ ಎಂಬ ಕಂಪನಿ 2012ರಲ್ಲಿ ವೀಟಾಕ್ಕೆಂದೇ ಮಾಡಿದ್ದು. "ಮಾಮಾ, ಎಡಗೈ ಓಡಲಿಕ್ಕ, ಬಲಗೈ ಹೊಡೀಲಿಕ್ಕ. ಎರಡೂ ಬ್ಯಾರೆ ಬ್ಯಾರೆ, ಕೂಡಿಸಬ್ಯಾಡ್ರಿ" ಎಂದು ಹುಡುಗ ನನ್ನ ಕೈಗಿಟ್ಟ. ಎಡ ಹೆಬ್ಬೆರಳ ಕೆಳಗೊಂದು ಸ್ಟಿಕ್, ಬಲ ಹೆಬ್ಬೆರಳ ಕೆಳಗೊಂದು ಸ್ಟಿಕ್. ಎಡದ್ದನ್ನು ಎತ್ತ ನೂಕಿದರೆ ನೌಕೆ ಅತ್ತ ಹೋಗುತ್ತದೆ, ಬಲದ್ದನ್ನು ಎತ್ತ ನೂಕಿದರೆ ಗುಂಡು ಅತ್ತ ಹಾರುತ್ತದೆ. ಅಷ್ಟೇ ಆಟ! ಮಗುವಿಗೂ ಒಂದು ನಿಮಿಷದಲ್ಲಿ ತಿಳಿಯುತ್ತದೆ. ತಿಳಿದೂ ನಾನು ಅರ್ಧ ನಿಮಿಷ ಬದುಕಲಿಲ್ಲ. ಬಂಡೆ ಬಲಗಡೆಯಿಂದ ಬಂದರೆ ಎರಡೂ ಹೆಬ್ಬೆರಳು ಬಲಕ್ಕೇ ನುಗ್ಗುತ್ತಿದ್ದವು. ಗುಂಡೂ ಅತ್ತಲೇ, ನೌಕೆಯೂ ಅತ್ತಲೇ, ಬಂಡೆಯ ಬಾಯಿಗೇ!

ಏಕೆ ಹೀಗೆ? ನೀವೇ ಮಾಡಿ ನೋಡಿ. ಬಲಗೈಯಲ್ಲಿ ಗಾಳಿಯಲ್ಲೊಂದು ಚೌಕ ಬರೆಯುತ್ತ, ಅದೇ ಹೊತ್ತಿಗೆ ಎಡಗೈಯಲ್ಲಿ ವೃತ್ತ ಬರೆಯಿರಿ. ವೃತ್ತಕ್ಕೆ ಮೂಲೆ ಮೂಡುತ್ತದೆ, ಚೌಕ ಉರುಟಾಗುತ್ತದೆ. ಮಿದುಳಿನ ಎಡ ಬಲ ಹೋಳುಗಳ ನಡುವೆ ಸುಮಾರು 20 ಕೋಟಿ ನರತಂತುಗಳ ಒಂದು ಸೇತುವೆ ಇದೆ. ಒಂದು ಕೈಯ ಸುದ್ದಿ ಆ ಸೇತುವೆ ದಾಟಿ ಇನ್ನೊಂದಕ್ಕೆ ಹೋಗುತ್ತಲೇ ಇರುತ್ತದೆ. ಮೂರ್ಛೆರೋಗದ ಚಿಕಿತ್ಸೆಗಾಗಿ ಈ ಸೇತುವೆಯನ್ನು ಕತ್ತರಿಸಿದವರ ಎರಡು ಕೈಗಳು ಎರಡು ಬೇರೆ ಬೇರೆ ಆಕಾರಗಳನ್ನು ಒಂದಕ್ಕೊಂದು ಅಡ್ಡಿಯಾಗದೆ ಬರೆಯುತ್ತವೆ ಎಂದು ಅಮೆರಿಕದ ಸಂಶೋಧಕರು 1996ರಲ್ಲಿ ತೋರಿಸಿದರು. ಆ ರಾತ್ರಿ ಇಪ್ಪತ್ತನೆಯ ಸಲವೋ ಮೂವತ್ತನೆಯ ಸಲವೋ ಸತ್ತ ಮೇಲೆ, ನನ್ನ ಎಡ ಹೆಬ್ಬೆರಳು ಒಮ್ಮೆಗೇ ಬಲದ್ದರ ಜೊತೆ ಬಿಟ್ಟು ತಾನೇ ಹೊರಟಿತು. ನೌಕೆ ಹಿಂದಕ್ಕೆ ಸರಿಯುತ್ತಿದೆ, ಗುಂಡು ಮುಂದಕ್ಕೆ ಹಾರುತ್ತಿದೆ! ನಾನು ಕೂಗಿಬಿಟ್ಟೆ. ಐವತ್ತು ದಾಟಿದ ನನ್ನ ಕೈಗಳು ಎರಡು ಎಂದು ಅಂದೇ ನನಗೆ ಗೊತ್ತಾದದ್ದು.

ಈ ಎರಡು ಸ್ಟಿಕ್ಕುಗಳ ಹಿಂದಿನ ಕತೆ ಇನ್ನೂ ಬೆರಗಿನದು. ಷಿಕಾಗೋದ ವಿಲಿಯಮ್ಸ್ ಕಂಪನಿಗೆ ಡಿಫೆಂಡರ್ ಎಂಬ ಆಟ ಮಾಡಿಕೊಟ್ಟು ಹೆಸರಾಗಿದ್ದ ಯೂಜೀನ್ ಜಾರ್ವಿಸ್ ಕಾರು ಅಪಘಾತದಲ್ಲಿ ಬಲಗೈಗೆ ಪೆಟ್ಟು ಮಾಡಿಕೊಂಡ. ಕೈಗೆ ಪಟ್ಟಿ. ಡಿಫೆಂಡರ್‌ಗೆ ಒಂದು ಸ್ಟಿಕ್ಕಿನ ಜೊತೆ ಐದು ಬಟನ್ನು. ಬಟನ್ ಒತ್ತಲು ಬೆರಳು ಏಳಬೇಕಲ್ಲ! ಆದರೆ ಜಾಯ್‌ಸ್ಟಿಕ್ ಹಿಡಿದು ನೂಕಬಹುದಿತ್ತು. ಹಾಗಾದರೆ ಬಟನ್ನೇ ಬೇಡ, ಗುಂಡು ಹಾರಿಸಲೂ ಒಂದು ಸ್ಟಿಕ್ ಇರಲಿ ಎಂದುಕೊಂಡ. 1982ರಲ್ಲಿ ಅವನೂ ಲ್ಯಾರಿ ಡಿಮಾರ್‌ನೂ ಸೇರಿ ಮಾಡಿದ ರೋಬೋಟ್ರಾನ್: 2084 ಹೊರಬಂತು. ಯಂತ್ರಗಳು ನಾಲ್ಕೂ ಕಡೆಯಿಂದ ಮುತ್ತುತ್ತವೆ, ನಡುವೆ ಭೂಮಿಯ ಮೇಲೆ ಉಳಿದ ಕೊನೆಯ ಸಂಸಾರ: ಅಪ್ಪ, ಅಮ್ಮ, ಪುಟ್ಟ ಹುಡುಗ. ಇವತ್ತು ಜಗತ್ತಿನಲ್ಲಿ ಟ್ವಿನ್-ಸ್ಟಿಕ್ ಶೂಟರ್ ಎಂದು ಕರೆಯುವ ಅಷ್ಟೂ ಆಟಗಳು ಆ ಪೆಟ್ಟಾದ ಕೈಯ ಮೊಮ್ಮಕ್ಕಳು!

ಆದರೆ ಅಂಗೈಗೆ ಇಳಿಯಲು ಇದಕ್ಕೆ ಮೂವತ್ತು ವರ್ಷ ಹಿಡಿಯಿತು. ಕೈಯಲ್ಲಿ ಹಿಡಿಯುವ ಹೆಸರಾದ ಯಂತ್ರಗಳಲ್ಲಿ ಎರಡನೆಯ ಸ್ಟಿಕ್ಕೇ ಇರಲಿಲ್ಲ! 1991ರಲ್ಲಿ ರೋಬೋಟ್ರಾನ್ ಅಟಾರಿ ಲಿಂಕ್ಸ್‌ಗೆ ಬಂತು. ಅಲ್ಲಿ ದಿಕ್ಕು ಹೇಳಲು ಇದ್ದದ್ದು ಒಂದೇ ಒತ್ತುಪಟ್ಟಿ. 2007ರಲ್ಲಿ ಜಿಯಾಮೆಟ್ರಿ ವಾರ್ಸ್: ಗ್ಯಾಲಕ್ಸೀಸ್ ನಿಂಟೆಂಡೊ ಡಿಎಸ್‌ಗೆ ಬಂದಾಗ ಒಂದು ಕೈಯಲ್ಲಿ ಓಡುತ್ತ, ಇನ್ನೊಂದು ಕೈಯ ಕಡ್ಡಿಯನ್ನು ಪರದೆಯ ಮೇಲೆ ಎಳೆದು ಗುರಿ ಹಿಡಿಯಬೇಕಾಯಿತು. ಮರುವರ್ಷ ಹೌಸ್‌ಮಾರ್ಕಿನವರದೇ ಸ್ಟಾರ್‌ಡಸ್ಟ್ ಪಿಎಸ್‌ಪಿಗೆ ಬಂತು. ಅದಕ್ಕೂ ಒಂದೇ ಸ್ಟಿಕ್. ಗುಂಡು ಹಾರಿಸಲು ಬಲಗಡೆಯ ನಾಲ್ಕು ಬಟನ್ನುಗಳು, ಒಂದೊಂದು ದಿಕ್ಕಿಗೆ ಒಂದೊಂದು. ಪಕ್ಕಪಕ್ಕದ ಎರಡನ್ನು ಒಟ್ಟಿಗೆ ಒತ್ತಿದರೆ ಮೂಲೆಗೆ. ಎಣಿಸಿದರೆ ಎಂಟೇ ದಿಕ್ಕು. ಕೊನೆಗೆ ಎರಡು ಸ್ಟಿಕ್ ಹೊತ್ತ ವೀಟಾ ಬಂತು. ಡಿಸೆಂಬರ್ 2011ರಲ್ಲಿ ಜಪಾನಿಗೆ, 2012ರ ಫೆಬ್ರವರಿಯಲ್ಲಿ ಅಮೆರಿಕ, ಯುರೋಪುಗಳಿಗೆ. ಎಂಟು ದಿಕ್ಕಿನ ಬೇಲಿ ಮುರಿದು ಗುಂಡು ಬೇಕಾದ ಕೋನಕ್ಕೆ ಹಾರಿತು!

ಇನ್ನು ಆ ಗ್ರಹದ ಮಾತು. ಇದನ್ನು ಹೇಳದಿದ್ದರೆ ನನಗೆ ನಿದ್ದೆ ಬರುವುದಿಲ್ಲ. 1979ರ ಆಸ್ಟರಾಯ್ಡ್ಸ್ ಆಟದಲ್ಲಿ ನೌಕೆ ಬಲ ಅಂಚು ದಾಟಿದರೆ ಎಡದಿಂದ ಬರುತ್ತದೆ, ಮೇಲಿನ ಅಂಚು ದಾಟಿದರೆ ಕೆಳಗಿನಿಂದ. ನಮಗೆ ಅನಿಸುವುದು, ಭೂಮಿ ಸುತ್ತಿ ಬಂದ ಹಾಗಾಯಿತಲ್ಲ ಎಂದು. ಅಲ್ಲವೇ ಅಲ್ಲ! ಒಂದು ಹಾಳೆಯ ಮೇಲಿನ ಅಂಚನ್ನು ಕೆಳಗಿನ ಅಂಚಿಗೆ ಅಂಟಿಸಿ: ಕೊಳವೆ. ಕೊಳವೆಯ ಎರಡು ಬಾಯಿಗಳನ್ನು ಕೂಡಿಸಿ: ಸೈಕಲ್ ಟ್ಯೂಬ್! ಆ ಆಟ ಆಡಿದವರೆಲ್ಲ ಗೊತ್ತಿಲ್ಲದೆ ಸೈಕಲ್ ಟ್ಯೂಬಿನ ಮೈಮೇಲೆ ಹಾರಾಡಿದ್ದರು. ಸ್ಟಾರ್‌ಡಸ್ಟಿನಲ್ಲಿ ಹಾಗಲ್ಲ. ನೌಕೆ ನಿಜವಾದ ಗೋಲದ ಸುತ್ತ ಹಾರುತ್ತದೆ. ಅಂಚಿಲ್ಲ, ಗೋಡೆಯಿಲ್ಲ, ಓಡಿದಷ್ಟೂ ಬಯಲು. ಓಡಿ ಓಡಿ, ತಾನೇ ಬಿಟ್ಟುಬಂದ ಬಂಡೆಗಳ ಬೆನ್ನಿಗೇ ಬಂದು ನಿಲ್ಲಬೇಕು! ಬಂಡೆಗಳು ಪರದೆಯ ಅಂಚಿನಿಂದ ಸಿಡಿಯುವುದಿಲ್ಲ, ದಿಗಂತದ ಬಾಗಿನಿಂದ ಮೇಲೇಳುತ್ತವೆ. ಉಮರಗಾದ ಹೆದ್ದಾರಿಯಲ್ಲಿ ದೂರದ ಲಾರಿಯ ನೆತ್ತಿ ಮೊದಲು ಕಂಡ ಹಾಗೆ.

ಈ ಗೋಲದ ಬೇರು 1993ರಲ್ಲಿದೆ. ನಮ್ಮ ಕಡೆ 1993 ಅಂದರೆ ಸೆಪ್ಟೆಂಬರ್ 30ರ ನಸುಕಿನ ಭೂಕಂಪ, ಕಿಲ್ಲಾರಿ, ಸಾಸ್ತೂರ. ಆ ವರ್ಷದಲ್ಲಿ ಬೇರೆ ಏನಾದರೂ ನಡೆದಿತ್ತೆಂದು ನಂಬಲೂ ನಮಗೆ ಕಷ್ಟ. ಅದೇ ವರ್ಷ ಫಿನ್ಲೆಂಡಿನಲ್ಲಿ ಬ್ಲಡ್‌ಹೌಸ್ ಎಂಬ ಸಣ್ಣ ತಂಡ ಅಮಿಗಾ ಕಂಪ್ಯೂಟರಿಗೆ ಸ್ಟಾರ್‌ಡಸ್ಟ್ ಮಾಡಿತು. ಮೂತಿ ಎತ್ತಲೋ ಗುಂಡೂ ಅತ್ತಲೇ, ಹಳೆಯ ಪದ್ಧತಿ. 1995ರಲ್ಲಿ ಆ ತಂಡ ಟೆರಾಮಾರ್ಕ್ ಜೊತೆ ಕೂಡಿ ಹೌಸ್‌ಮಾರ್ಕ್ ಆಯಿತು. 2007ರಲ್ಲಿ ಅವರು ಸ್ಟಾರ್‌ಡಸ್ಟನ್ನು ಗೋಲದ ಮೇಲೇರಿಸಿ ಎರಡು ಸ್ಟಿಕ್ ಕೊಟ್ಟರು. ಆಮೇಲೆ ಆದದ್ದು ಕೇಳಿ! ರೋಬೋಟ್ರಾನ್ ಬಂದ 35 ವರ್ಷಕ್ಕೆ, 2017ರಲ್ಲಿ, ಇವರು ನೆಕ್ಸ್ ಮಷೀನಾ ಎಂಬ ಆಟ ಮಾಡಿದಾಗ ಸಲಹೆ ಕೊಟ್ಟವನು ಯಾರು? ಅದೇ ಯೂಜೀನ್ ಜಾರ್ವಿಸ್!

"ಮಾಮಾ, ಖರೇ ಆಕಾಶದಾಗೂ ಇಷ್ಟ ಬಂಡಿ ಇರ್ತಾವೇನು?" ಎಂದ ಹುಡುಗ. ಮಾಳಿಗೆ ಹತ್ತಿದೆವು. ಚಂದ್ರನಿಲ್ಲದ ರಾತ್ರಿ, ಊರಿಗೆ ಊರೇ ಕತ್ತಲು, ನೆತ್ತಿಯ ತುಂಬ ನಕ್ಷತ್ರ. ಮಂಗಳ ಗುರುಗಳ ನಡುವಿನ ಅಷ್ಟೂ ಬಂಡೆ ಕೂಡಿಸಿದರೂ ಚಂದ್ರನ ತೂಕದ ನೂರರಲ್ಲಿ ನಾಲ್ಕು ಪಾಲಾಗದು, ಒಂದರಿಂದ ಒಂದಕ್ಕೆ ಲಕ್ಷಗಟ್ಟಲೆ ಕಿಲೋಮೀಟರ್ ಎಂದೆ. ಆದರೂ ಒಂದು ಬಂದು ಬಿದ್ದಿದೆ, ಇದೇ ಕರಿಕಲ್ಲಿನ ಮೇಲೆ! ನಮ್ಮ ಎರೆಭೂಮಿಯ ಕೆಳಗೆ ಹಾಸಿರುವ, ಸುಮಾರು 6.6 ಕೋಟಿ ವರ್ಷದ ಹಿಂದೆ ಲಾವಾ ಹರಿದು ಗಟ್ಟಿಯಾದ ಈ ಕಲ್ಲೇ ಉತ್ತರಕ್ಕೆ ಬುಲಢಾಣಾ ಜಿಲ್ಲೆಯ ಲೋಣಾರದಲ್ಲೂ ಇದೆ. ಅಲ್ಲಿ ಆಕಾಶದ ಕಲ್ಲು ಬಡಿದು ಸುಮಾರು 1.8 ಕಿಲೋಮೀಟರ್ ಅಗಲದ ಬಟ್ಟಲಾಗಿ, ನಡುವೆ ಕೆರೆ ನಿಂತಿದೆ. ಹುಡುಗ ಬಹಳ ಹೊತ್ತು ಮೇಲೆ ನೋಡಿದ.

ಕೆಳಗೆ ಬಂದು ಮತ್ತೆ ಆಡಿದೆ. ಈಗ ಕೈ ಬೇರೆಯಾಗಿತ್ತು, ಆದರೂ ಗುಂಡು ತಾಗುತ್ತಿರಲಿಲ್ಲ. ಬಂಡೆಯ ಹಿಂದೆ, ಹಿಂದೆ, ಯಾವಾಗಲೂ ಹಿಂದೆ. ಅವ್ವ ಬಂದು ಹೆಗಲ ಮೇಲಿಂದ ಬಗ್ಗಿ ನೋಡಿದಳು. ಅವಳ ಹರೆಯದ ಚಳಿಗಾಲಗಳೆಲ್ಲ ಜೋಳ ಕಾಯುವುದರಲ್ಲಿ ಕಳೆದವು. ತೆನೆಗೆ ಹಾಲು ತುಂಬಿದಾಗ ಹೊಲದ ನಡುವೆ ಮಂಚಿಗೆ ಕಟ್ಟಿ, ನಸುಕಿನಿಂದ ಸಂಜೆತನಕ ಕವಣೆ ಹಿಡಿದು ನಿಲ್ಲುವುದು. ನಾಲ್ಕೂ ದಿಕ್ಕಿನಿಂದ ಗುಬ್ಬಿ, ಗಿಣಿಗಳ ಹಿಂಡು. ಒಂದು ಮೂಲೆಯದನ್ನು ಎಬ್ಬಿಸುವುದರೊಳಗೆ ಇನ್ನೊಂದು ಮೂಲೆಗೆ ಮುತ್ತಿಗೆ. ರೋಬೋಟ್ರಾನ್ ಹುಟ್ಟುವ ಮೊದಲೇ ಅವಳು ಆ ಚೌಕದ ನಡುವೆ ನಿಂತು ಸುತ್ತಲೂ ತಿರುಗಿ ಹೊಡೆದವಳು!

"ಅದು ಎಲ್ಲದ ಅಲ್ಲಿ ಒಗದ್ರ ಹ್ಯಾಂಗ ತಾಗ್ತದೋ ಯಪ್ಪಾ? ಕಲ್ಲು ಹೋಗಿ ಮುಟ್ಟೋತನ ಹಕ್ಕಿ ಕುಂತಿರ್ತದೇನು? ಎಲ್ಲಿಗಿ ಬರ್ತದ ಅಲ್ಲಿಗಿ ಒಗಿ."

ಬಲ ಹೆಬ್ಬೆರಳನ್ನು ಬಂಡೆಯ ಮುಂದಿನ ಖಾಲಿ ಕಪ್ಪಿಗೆ ತಿರುಗಿಸಿದೆ. ಏನೂ ಇಲ್ಲದ ಜಾಗಕ್ಕೆ ಗುಂಡು ಹೋಯಿತು, ಬಂಡೆ ತಾನಾಗಿ ಅಲ್ಲಿಗೆ ಬಂತು, ಎರಡಾಯಿತು, ನಾಲ್ಕಾಯಿತು, ಇಡೀ ಪಡಸಾಲೆಗೆ ಬೆಳಕು ಚೆಲ್ಲಿತು! ಹುಡುಗ ಎದ್ದು ನಿಂತು ಚಪ್ಪಾಳೆ ಹೊಡೆದ. ಬ್ಯಾಟರಿಯ ಗುರುತು ಮಿಣುಕತೊಡಗಿತ್ತು. ಅವ್ವ ಗೋಡೆಗೊರಗಿ ಕೂತು, ಸೆರಗಿಗೆ ಕೈ ಒರೆಸಿಕೊಂಡು ಎರಡೂ ಅಂಗೈ ಮುಂದೆ ಚಾಚಿದಳು.

"ಕೊಡು ಇಲ್ಲಿ. ಓಡೋದು ಯಾ ಕೈಲಿ ಅಂದಿ?"