ಗಣಕಯಂತ್ರವು ಗುರುತು ಹಿಡಿಯುವ ಬಗೆ

ಕಾರ್ಖಾನೆ, ಬ್ಯಾಂಕು, ಗೋದಾಮುಗಳ ಲೆಕ್ಕವನ್ನು ಹಗಲಿರುಳೂ ನೋಡಿಕೊಳ್ಳುವ ನಡುಗಾತ್ರದ ಗಣಕಯಂತ್ರಗಳಿವೆ. ಐ.ಬಿ.ಎಂ. ಸಂಸ್ಥೆಯು 1988ರಲ್ಲಿ ಹೊರತಂದ ಎ.ಎಸ್./400 ಈ ಜಾತಿಯದು. ಅದರ ವಂಶದ ಯಂತ್ರಗಳು ‘ಐ.ಬಿ.ಎಂ. ಐ’ ಎಂಬ ವ್ಯವಸ್ಥೆಯೊಡನೆ ಇಂದಿಗೂ ದುಡಿಯುತ್ತಿವೆ. ಅಂಥ ಯಂತ್ರದಲ್ಲಿ ಜಾವಾ ಭಾಷೆಯ ಪ್ರೋಗ್ರಾಮೊಂದು ದೂರದ ಬ್ಯಾಂಕಿನ ಸರ್ವರಿಗೆ ಹಣಪಾವತಿಯ ಆದೇಶವನ್ನು ಕಳುಹಿಸುತ್ತಿದೆಯೆಂದು ಭಾವಿಸೋಣ. ಅದರ ಮುಂದೆ ಮನುಷ್ಯನು ಕುಳಿತಿರುವುದಿಲ್ಲ. ಆಚೆಯ ತುದಿಯಲ್ಲಿರುವುದು ಬ್ಯಾಂಕೋ ಮೋಸಗಾರನೋ ಎಂಬುದನ್ನು ಪ್ರೋಗ್ರಾಮು ತಾನೇ ನಿರ್ಧರಿಸಬೇಕು. ಅದು ಹೇಗೆ?

ಮಾತನ್ನು ಗುಟ್ಟಾಗಿಡುವುದು ಒಂದು ಕೆಲಸ. ಯಾರೊಡನೆ ಮಾತನಾಡುತ್ತಿದ್ದೇವೆಂದು ತಿಳಿಯುವುದು ಮತ್ತೊಂದು. ಮೊದಲನೆಯದಕ್ಕೆ ಗಣಿತವು ದಾರಿ ತೋರಿದೆ. ಹಿಂದೆಂದೂ ಭೇಟಿಯಾಗದ ಇಬ್ಬರು, ಕದ್ದು ಕೇಳುವವರ ಎದುರಿಗೇ, ಗುಟ್ಟಿನ ಕೀಲಿಯೊಂದನ್ನು ರೂಪಿಸಿಕೊಳ್ಳುವ ವಿಧಾನವನ್ನು ಡಿಫಿ ಮತ್ತು ಹೆಲ್ಮನ್ 1976ರಲ್ಲಿ ಪ್ರಕಟಿಸಿದರು. ಆದರೆ ಕಳ್ಳನು ನಡುವೆ ನಿಂತು, ನಮ್ಮೊಡನೆ ಒಂದು ಕೀಲಿಯನ್ನೂ ಬ್ಯಾಂಕಿನೊಡನೆ ಇನ್ನೊಂದನ್ನೂ ರೂಪಿಸಿಕೊಂಡರೆ? ಎರಡು ಬೀಗಗಳೂ ಭದ್ರವಾಗಿರುತ್ತವೆ. ನಡುವಿನವನು ಎಲ್ಲವನ್ನೂ ಓದುತ್ತಾನೆ.

ಇದನ್ನು ತಡೆಯುವುದೇ ಪ್ರಮಾಣಪತ್ರದ ಉದ್ದೇಶ. ಅಂಕಪಟ್ಟಿಯ ನಕಲಿಗೆ ಗೆಜೆಟೆಡ್ ಅಧಿಕಾರಿಯ ರುಜು ಮಾಡಿಸುವ ಪದ್ಧತಿಯನ್ನು ವಿದ್ಯಾರ್ಥಿಗಳು ಬಲ್ಲರು. ಅದೇ ರೀತಿ ಸರ್ವರಿನ ಹೆಸರನ್ನೂ, ಎಲ್ಲರಿಗೂ ತೋರಿಸಬಹುದಾದ ಅದರ ಬಹಿರಂಗ ಕೀಲಿಯನ್ನೂ ಒಟ್ಟಿಗೆ ಬರೆದು, ಪ್ರಮಾಣೀಕರಣ ಸಂಸ್ಥೆಯೊಂದು ಅದಕ್ಕೆ ಗಣಿತರೂಪದ ರುಜು ಹಾಕುತ್ತದೆ. ಒಂದು ಅಕ್ಷರವನ್ನು ತಿದ್ದಿದರೂ ರುಜು ಹೊಂದುವುದಿಲ್ಲ. ಪ್ರೋಗ್ರಾಮು ಮೂರು ಅಂಶಗಳನ್ನು ನೋಡಬೇಕು: ರುಜು ಮಾಡಿದವರು ನಂಬಿಕೆಗೆ ಅರ್ಹರೇ? ಪತ್ರದ ಅವಧಿ ಇನ್ನೂ ಉಳಿದಿದೆಯೇ? ಅದರಲ್ಲಿರುವ ಹೆಸರು ನಾವು ಕರೆದ ಸರ್ವರಿನದೇ?

ನಂಬಿಕೆಗೆ ಅರ್ಹರಾದವರ ಪಟ್ಟಿ ಎಲ್ಲಿರುತ್ತದೆ? ಜಾವಾ ತನ್ನ ಪಟ್ಟಿಯನ್ನು ‘ಸಿ.ಎ. ಸರ್ಟ್ಸ್’ ಎಂಬ ಕಡತದಲ್ಲಿ ಇಟ್ಟುಕೊಳ್ಳುತ್ತದೆ. ಐ.ಬಿ.ಎಂ. ಐ ವ್ಯವಸ್ಥೆಗಾದರೋ ತನ್ನದೇ ಆದ ಪ್ರಮಾಣಪತ್ರ ಭಂಡಾರವುಂಟು. ಜಾವಾ ಸಾಮಾನ್ಯವಾಗಿ ಅತ್ತ ನೋಡುವುದಿಲ್ಲ. ಆದುದರಿಂದ ಪತ್ರವನ್ನು ವ್ಯವಸ್ಥೆಯ ಭಂಡಾರದಲ್ಲಿ ಸೇರಿಸಿದ ಮೇಲೂ ಪ್ರೋಗ್ರಾಮು ‘ನಂಬಲರ್ಹವಾದ ಪತ್ರ ಸಿಗಲಿಲ್ಲ’ ಎಂದು ನಿಂತುಬಿಡುವುದುಂಟು. ಪತ್ರವನ್ನು ಜಾವಾ ಓದುವ ಕಡತಕ್ಕೇ ಸೇರಿಸುವುದು, ಇಲ್ಲವೆ ವ್ಯವಸ್ಥೆಯ ಭಂಡಾರವನ್ನು ಬಳಸುವಂತೆ ಜಾವಾವನ್ನು ಹೊಂದಿಸುವುದು ಇದಕ್ಕೆ ಸರಿಯಾದ ಪರಿಹಾರ.

ಅವಸರದಲ್ಲಿರುವವರಿಗೆ ಸುಲಭದ ದಾರಿಯೊಂದು ಕಾಣುತ್ತದೆ. ಯಾವ ಪತ್ರ ಬಂದರೂ ಒಪ್ಪಿಕೊಳ್ಳುವಂತೆ ಪ್ರೋಗ್ರಾಮನ್ನು ಬರೆದರೆ ದೋಷಸೂಚನೆ ಮಾಯವಾಗುತ್ತದೆ. ಅದರೊಡನೆ ರಕ್ಷಣೆಯೂ ಮಾಯವಾಗುತ್ತದೆ. ಹಣಪಾವತಿಯ ತಂತ್ರಾಂಶಗಳೂ ಸೇರಿದಂತೆ ಅನೇಕ ಪ್ರೋಗ್ರಾಮುಗಳು ಪ್ರಮಾಣಪತ್ರವನ್ನು ಸರಿಯಾಗಿ ಪರಿಶೀಲಿಸುತ್ತಿಲ್ಲವೆಂದು ಅಮೆರಿಕದ ಟೆಕ್ಸಾಸ್ ಮತ್ತು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಗಳ ಸಂಶೋಧಕರು 2012ರಲ್ಲಿ ತೋರಿಸಿಕೊಟ್ಟರು. ದೋಷವಿದ್ದುದು ಗಣಿತದಲ್ಲಲ್ಲ, ಅದನ್ನು ಬಳಸಿದ ಬಗೆಯಲ್ಲಿ.

ನಂಬಿಕೆಯ ಪಟ್ಟಿಯೂ ಕಾಲಕಾಲಕ್ಕೆ ಪರಿಷ್ಕಾರಗೊಳ್ಳಬೇಕು. 2011ರಲ್ಲಿ ನೆದರ್ಲೆಂಡ್ಸಿನ ಡಿಜಿನೋಟಾರ್ ಎಂಬ ಪ್ರಮಾಣೀಕರಣ ಸಂಸ್ಥೆಯ ಯಂತ್ರಗಳಿಗೆ ನುಗ್ಗಿದವರು ಗೂಗಲ್ಲಿನ ಹೆಸರಿಗೂ ಸುಳ್ಳು ಪತ್ರವನ್ನು ಸೃಷ್ಟಿಸಿದರು. ಇರಾನಿನ ಬಳಕೆದಾರರ ಮೇಲೆ ಅದು ಪ್ರಯೋಗವಾಯಿತು. ಬ್ರೌಸರುಗಳನ್ನು ತಯಾರಿಸುವವರು ಆ ಸಂಸ್ಥೆಯನ್ನು ಪಟ್ಟಿಯಿಂದ ತೆಗೆದುಹಾಕಿದರು. ಅದೇ ವರ್ಷ ಅದು ದಿವಾಳಿಯಾಯಿತು. ಆದರೆ ಮೂಲೆಯಲ್ಲಿ ಮೌನವಾಗಿ ದುಡಿಯುವ ಸರ್ವರಿನ ಹಳೆಯ ಪಟ್ಟಿಯನ್ನು ನಾವೇ ನೆನಪಿಟ್ಟು ತಿದ್ದಬೇಕು. ಪ್ರೋಗ್ರಾಮು ಸಂಪರ್ಕವನ್ನು ನಿರಾಕರಿಸಿದಾಗ ಅದರ ಬಾಯಿ ಮುಚ್ಚಿಸುವುದಕ್ಕೆ ಮೊದಲು, ಅದು ಯಾರನ್ನು, ಏಕೆ ನಂಬಲೊಲ್ಲದೆಂದು ವಿಚಾರಿಸುವುದೂ ನಮ್ಮ ಕರ್ತವ್ಯವೇ ಆಗಿದೆ.