ಒಂದೇ ಹೂವಿನ ಜೇನು

ಊರಿನಿಂದ ಬಂದವರ ಚೀಲದಲ್ಲಿ ಹಲಸಿನ ಹಪ್ಪಳ, ಮಿಡಿ ಉಪ್ಪಿನಕಾಯಿಗಳೊಡನೆ ಜೇನಿನ ಸೀಸೆಯೊಂದಿರುವುದು ಮುಂಬಯಿ ಕನ್ನಡಿಗರ ಮನೆಗಳಿಗೆ ಹೊಸತಲ್ಲ. ಆದರೆ ಒಂದು ವರ್ಷದ ಜೇನು ತೆಳು ಹೊಂಬಣ್ಣದ್ದಾಗಿದ್ದು, ಮರುವರ್ಷದ್ದು ಕಪ್ಪಗೆ ತುಸು ಕಹಿಯಾಗಿದ್ದರೆ, ಇದು ಬೆಲ್ಲದ ಪಾಕವಿರಬಹುದೇ ಎಂದು ಗೃಹಿಣಿ ಶಂಕಿಸುವುದು ಸಹಜ. ಶಂಕಿಸುವ ಮುನ್ನ ಜೇನಿನ ಮೂಲವನ್ನು ಅರಿಯುವುದು ಲೇಸು.

ಜೇನಿನ ಬಣ್ಣ, ಪರಿಮಳ, ರುಚಿಗಳು ಬಹುಮಟ್ಟಿಗೆ ಹೂವಿನ ಕೊಡುಗೆ. ಒಂದು ನೊಣವು ಒಂದು ಸಂಚಾರದಲ್ಲಿ ಸಾಮಾನ್ಯವಾಗಿ ಒಂದೇ ಜಾತಿಯ ಹೂಗಳನ್ನು ಅರಸುತ್ತದೆ. ಸುತ್ತಲೂ ಒಂದೇ ಬಗೆಯ ಸಸ್ಯ ಸಮೃದ್ಧವಾಗಿ ಅರಳಿದಾಗ ಗೂಡೆಲ್ಲ ಅದರ ಮಕರಂದದಿಂದಲೇ ತುಂಬುತ್ತದೆ. ತಜ್ಞರು ಜೇನಿನಲ್ಲಿರುವ ಪರಾಗಕಣಗಳನ್ನು ಸೂಕ್ಷ್ಮದರ್ಶಕದಲ್ಲಿ ಎಣಿಸುತ್ತಾರೆ. ಶೇಕಡಾ 45ಕ್ಕಿಂತ ಹೆಚ್ಚು ಕಣಗಳು ಒಂದೇ ಸಸ್ಯದವಾದರೆ ಅದನ್ನು ಸಾಮಾನ್ಯವಾಗಿ ಏಕಪುಷ್ಪ ಜೇನೆಂದು ಪರಿಗಣಿಸುವರು.

ನೇರಳೆಯ ಜೇನು ಗಾಢವರ್ಣದ್ದು, ಸಿಹಿಯ ಹಿಂದೆ ಕಹಿಯ ಛಾಯೆಯುಳ್ಳದ್ದು. ಉತ್ತರ ಭಾರತದ ಸಾಸಿವೆ ಜೇನು ಬೇಗನೆ ಬೆಣ್ಣೆಯಂತೆ ಹೆಪ್ಪುಗಟ್ಟುತ್ತದೆ. ದಕ್ಷಿಣ ಕನ್ನಡದ ರಬ್ಬರ್ ಜೇನಿನದು ಇನ್ನೊಂದು ವಿಚಿತ್ರ: ಅದರ ಮಕರಂದ ಬರುವುದು ಹೂವಿನಿಂದಲ್ಲ, ಎಳೆಯ ಎಲೆಯ ತೊಟ್ಟಿನಿಂದ!

ಮುಂಬಯಿಗೆ ಸಮೀಪದ ಉದಾಹರಣೆ ಮಹಾಬಳೇಶ್ವರದ ಕಾರ್ವಿ. ನೀಲಕುರುಂಜಿಯ ಬಂಧುವಾದ ಈ ಪೊದೆ ಸಾಮಾನ್ಯವಾಗಿ 8 ವರ್ಷಗಳಿಗೊಮ್ಮೆ ಅರಳಿ ಮಡಿಯುತ್ತದೆ. ಬೊರಿವಲಿಯ ರಾಷ್ಟ್ರೀಯ ಉದ್ಯಾನದಲ್ಲಿ 2008, 2016 ಮತ್ತು 2024ರಲ್ಲಿ ಗುಡ್ಡಗಳು ಅದರ ನೀಲಿ ಹೂಗಳಿಂದ ತುಂಬಿದ್ದವು. ಕಾರ್ವಿ ಅರಳಿದ ವರ್ಷ ಸಹ್ಯಾದ್ರಿಯ ಜೇನು ಸಾಕುವವರಿಗೆ ಸುಗ್ಗಿ. ಆ ಸೀಸೆಗೆ ಎಂಟು ವರ್ಷಗಳ ಕಾಯುವಿಕೆಯ ಬೆಲೆಯಿದೆ.

ಈ ಸಂಪತ್ತು ನಾಜೂಕಾದುದು. ಕಿತ್ತಳೆ, ಕಾಫಿ ಹೂಗಳ ನಾಡಾದ ಕೊಡಗಿನ ವಿರಾಜಪೇಟೆಯಲ್ಲಿ 1930ರ ದಶಕದಲ್ಲೇ ಜೇನು ಉತ್ಪಾದಕರ ಸಹಕಾರ ಸಂಘ ಹುಟ್ಟಿತ್ತು. ಆದರೆ 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ಎಂಬ ವೈರಾಣು ರೋಗವು ದಕ್ಷಿಣ ಭಾರತದಲ್ಲೆಲ್ಲ ಹಬ್ಬಿ, ತುಡುವೆ ಜೇನಿನ ಬಹುಪಾಲು ಕುಟುಂಬಗಳನ್ನು ನಾಶಮಾಡಿತು. ಅನೇಕ ಹಿತ್ತಿಲುಗಳಲ್ಲಿ ಪೆಟ್ಟಿಗೆಗಳು ಬರಿದಾದವು.

ಕೊನೆಯದಾಗಿ ಆರೋಗ್ಯದ ಮಾತು. ಹೆಪ್ಪುಗಟ್ಟಿದ ಜೇನು ಕೆಟ್ಟದ್ದೂ ಅಲ್ಲ, ಅಷ್ಟರಿಂದಲೇ ಕಲಬೆರಕೆಯದೂ ಅಲ್ಲ. ಸೀಸೆಯನ್ನು ಉಗುರುಬೆಚ್ಚನೆಯ ನೀರಿನಲ್ಲಿಟ್ಟರೆ ಕರಗುತ್ತದೆ. ನೀರಿನಲ್ಲಿ ಮುಳುಗುವುದು, ಬತ್ತಿ ಉರಿಯುವುದು ಮುಂತಾದ ಮನೆಪರೀಕ್ಷೆಗಳು ನಂಬಲರ್ಹವಲ್ಲ, ಪ್ರಯೋಗಾಲಯವೊಂದೇ ನಿರ್ಣಯಿಸಬಲ್ಲದು. ಯಾವ ಹೂವಿನ ಜೇನಾದರೂ ಸುಮಾರು ಶೇಕಡಾ 80ರಷ್ಟು ಸಕ್ಕರೆಯೇ ಆದುದರಿಂದ ಮಧುಮೇಹಿಗಳು ಅದನ್ನು ಔಷಧವೆಂದು ಭ್ರಮಿಸಬಾರದು. ಎಲ್ಲಕ್ಕಿಂತ ಮುಖ್ಯವಾಗಿ, ಹಸುಗೂಸಿನ ನಾಲಗೆಗೆ ಜೇನು ಸವರುವ ಸಂಪ್ರದಾಯವನ್ನು ಕೈಬಿಡಬೇಕು. ಜೇನಿನಲ್ಲಿರಬಹುದಾದ ಬೊಟುಲಿಸಂ ರೋಗಾಣುವಿನ ಬೀಜಕಣಗಳು ಒಂದು ವರ್ಷ ತುಂಬದ ಮಗುವಿನ ಕರುಳಿನಲ್ಲಿ ಬೆಳೆದು ಪ್ರಾಣಕ್ಕೇ ಸಂಚಕಾರ ತರಬಲ್ಲವು. ಅಜ್ಜಿಯ ಅಕ್ಕರೆ ಒಂದು ವರ್ಷ ಕಾಯಲಿ. ಒಂದು ಚಮಚ ಜೇನಿಗಾಗಿ ಕಾರ್ವಿಯೇ ಎಂಟು ವರ್ಷ ಕಾಯುತ್ತದಲ್ಲವೇ?